ಬನ್ನಿ, ಇದು ನಿಮ್ಮನೆ

ದೇಶವಿದೇಶದ ಪ್ರವಾಸಿಗಳು ಬರುವ ಮನರಂಜನಾ ಪಾರ್ಕಿನ ಗೇಟಿನ ಆಚೆಗಿರುವ ದೊಡ್ಡ ಹೋಟೆಲುಗಳಿಗೆ ನಾವು ‘ಒಳಗೆ’ ಎನ್ನುತ್ತೇವೆ. ಹೆದ್ದಾರಿಯುದ್ದಕ್ಕೂ ಸಾಲು ಹಿಡಿದು ನಿಂತ ಮೋಟೆಲುಗಳಿಗೆ ‘ಹೊರಗೆ’. ಈ ಕಿಸಿಮ್ಮಿ ಊರಿನಲ್ಲಿ ಯಾರನ್ನೇ ಎಲ್ಲಿ ಕೆಲಸ ಎಂದು ಕೇಳಿ, ಈ ಎರಡರಲ್ಲಿ ಒಂದು ಉತ್ತರ ಬರುತ್ತದೆ. ನಾನು ಹದಿನಾಲ್ಕು ವರ್ಷದಿಂದ ಹೊರಗೆ. ಸನ್ ಪಾಮ್ ಮೋಟೆಲಿನ ವ್ಯಾನು ಓಡಿಸುತ್ತೇನೆ. ಬೆಳಿಗ್ಗೆ ಪ್ರವಾಸಿಗಳನ್ನು ಪಾರ್ಕಿಗೆ ಬಿಡುವುದು, ಸಂಜೆ ಹೊತ್ತು ತರುವುದು. ಹೋಗುವಾಗ ಎಲ್ಲರೂ ಜಾಣರು, “ಒಳಗೆ ಇಳ್ಕೊಳ್ಳೋರು ದಡ್ಡರು ಬಿಡ್ರೀ” ಎನ್ನುತ್ತಾರೆ. ಬರುವಾಗ ಅದೇ ಗಂಡ ಹೆಂಡತಿ ಮುಖ ಊದಿಸಿಕೊಂಡು ಕೂತಿರುತ್ತಾರೆ. ಒಳಗಿನವರಿಗೆ ಗೇಟು ಅರ್ಧ ಗಂಟೆ ಮುಂಚೆ ತೆಗೆದರಂತೆ, ಅವರ ಬಸ್ಸು ಬಾಗಿಲಿಗೇ ಬಂತಂತೆ, ತಾವು ಮಾತ್ರ ಈ ಡಕೋಟ ವ್ಯಾನಿಗೆ ಕಾದರಂತೆ. ಅದೆಲ್ಲ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ನೆರೈದಾ ಕೊಯಾಸೊ ಇಪ್ಪತ್ತೆರಡು ವರ್ಷ ಒಳಗೆ ಇದ್ದವಳು. ಪೋರ್ಟೊ ರಿಕೋದಲ್ಲಿ ನಮ್ಮಿಬ್ಬರದೂ ಒಂದೇ ಊರು. ನನ್ನ ಮಗಳ ಜ್ಞಾನಸ್ನಾನದಲ್ಲಿ ಜ್ಞಾನತಾಯಿಯಾಗಿ ನಿಂತವಳು ಅವಳೇ. ಹಾಗಾಗಿ ನಮ್ಮ ಕಡೆಯ ರೂಢಿಯಂತೆ ನನಗವಳು ‘ಕೊಮಾಯ್’, ಅವಳಿಗೆ ನಾನು ‘ಕೊಂಪಾಯ್’. ಹೆಸರು ಹಿಡಿದು ಕರೆದರೆ ಜಗಳವಾಗಿದೆ ಅಂತಲೇ ಅರ್ಥ.

ಒಳಗೆ ಅವಳದು ರೂಮು ಸ್ವಚ್ಛ ಮಾಡುವ ಕೆಲಸ. ಅಲ್ಲೊಂದು ಕಟ್ಟುನಿಟ್ಟು. ಅತಿಥಿ ಎದುರಾದರೆ ‘ನಮಸ್ಕಾರ’ ಅನ್ನುವ ಹಾಗಿಲ್ಲ. ನಗುತ್ತಾ “ಬನ್ನಿ, ಇದು ನಿಮ್ಮನೆ” ಅನ್ನಬೇಕು. ಹಾಸಿಗೆ ಹಾಸಿದ ಮೇಲೆ ದಿಂಬಿನ ಮೇಲೊಂದು ಚೀಟಿ ಇಡಬೇಕು. ಅದರಲ್ಲಿ ಅತಿಥಿಯ ಹೆಸರು, ಅದೇ ಮಾತು, ತಾರೀಖು, ಕೆಳಗೆ ತನ್ನ ಸಹಿ. ದಿನಕ್ಕೆ ಹದಿನಾರು ರೂಮು, ಹದಿನಾರು ಚೀಟಿ, ಇಪ್ಪತ್ತೆರಡು ವರ್ಷ. ನಾಲ್ಕು ದಿನ ಇದ್ದು ಹೋಗುವ ಜನರಿಗೆ ಇದು ನಿಮ್ಮನೆ ಎಂದು ಹೇಳಿ ಹೇಳಿ ಮೊಣಕಾಲು ಸವೆಸಿಕೊಂಡಳು. ಕಾಲು ಕೈಕೊಟ್ಟ ಮೇಲೆ ಒಳಗಿನವರು ಅವಳ ಕೆಲಸದ ದಿನ ಕಡಿಮೆ ಮಾಡುತ್ತಾ ಬಂದರು. ಕೊನೆಗೆ ಅವಳೇ ಬಿಟ್ಟು ಹೊರಗೆ ಬಂದಳು. ಸನ್ ಪಾಮ್‌ಗೆ ನಾನೇ ಸೇರಿಸಿದೆ.

ಕೆಲಸ ಬಿಟ್ಟರೂ ಚಾಳಿ ಬಿಡಲಿಲ್ಲ. ನಮ್ಮಲ್ಲಿ ಚೀಟಿಯ ಪದ್ಧತಿಯೇ ಇಲ್ಲ, ಟವೆಲು ಬದಲಾಯಿಸಿದರೆ ಅದೇ ಹೆಚ್ಚು. ಅವಳು ಮೋಟೆಲಿನ ಹೆಸರು ಅಚ್ಚು ಹಾಕಿದ್ದ ಕಾಗದದ ಪ್ಯಾಡು ತೆಗೆದುಕೊಂಡು ಬರೆಯಲು ಶುರು ಮಾಡಿದಳು. ಪ್ರವಾಸಿಗಳು ವ್ಯಾನಿನಲ್ಲಿ ಅದನ್ನು ಓದಿ ನಕ್ಕರು. ಜಿರಳೆಗೂ ಇದೇ ಮನೆಯಾ ಎಂದು ಒಬ್ಬ ಕೇಳಿದ.

“ಯಾಕೆ ಕೊಮಾಯ್ ಈ ಇಲ್ಲದ ಉಸಾಬರಿ? ಇಲ್ಲಿ ಯಾರು ಕೇಳ್ತಾರೆ ನಿನ್ನ?” ಅಂದೆ.

“ಕೈ ಸುಮ್ನಿರಲ್ಲ ಕೊಂಪಾಯ್. ಹಾಸಿಗೆ ಹಾಸಿ ಬರೀದೇ ಬಂದ್ರೆ ಬಾಗ್ಲು ಹಾಕದೆ ಬಂದಂಗಾಗುತ್ತೆ.”

ನೂರಾ ಹದಿನಾಲ್ಕನೇ ರೂಮಿನಲ್ಲಿ ಡಾರ್ಲೀನ್ ಹ್ಯಾಚರ್ ಎಂಬ ಹೆಂಗಸು, ಒಂಬತ್ತು ವರ್ಷದ ಮಗಳು ಕೇಲಾ. ಪ್ರವಾಸಿಗಳಲ್ಲ. ಬಾಡಿಗೆಗಿದ್ದ ಮನೆಯನ್ನು ಮಾಲೀಕ ಮಾರಿಬಿಟ್ಟಿದ್ದರಿಂದ ಸಾಮಾನು ಸಮೇತ ಇಲ್ಲಿಗೆ ಬಂದವರು. ಡಾರ್ಲೀನ್ ಒಳಗಿನ ಹೋಟೆಲಿನ ಲಾಂಡ್ರಿಯಲ್ಲಿ ದುಡಿಯುತ್ತಾಳೆ, ಹೊರಗೆ ಮಲಗುತ್ತಾಳೆ. ನಮ್ಮ ಹೆದ್ದಾರಿಯ ಮೋಟೆಲುಗಳ ತುಂಬ ಇಂಥವರೇ. ಒಂದು ಮಧ್ಯಾಹ್ನ ಅವಳು ಪಾಳಿ ಮುಗಿಸಿ ಸುಸ್ತಾಗಿ ಬರುವುದಕ್ಕೂ ನೆರೈದಾ ಆ ರೂಮಿನಿಂದ ಹೊರಡುವುದಕ್ಕೂ ಸರಿಹೋಯಿತು. ನೆರೈದಾಳ ಬಾಯಿಂದ ಅಭ್ಯಾಸಬಲದಿಂದ ಬಂದೇ ಬಿಟ್ಟಿತು:

“ಬನ್ನಿ, ಇದು ನಿಮ್ಮನೆ.”

ಡಾರ್ಲೀನ್ ಕೆಂಡವಾದಳು. “ಏನಮ್ಮಾ, ಅಣಕಿಸ್ತಿದೀಯಾ? ಒಂದು ಒಲೆ, ಎರಡು ಹಾಸಿಗೆ, ಇದು ನಮ್ಮನೇನಾ? ಇನ್ನೊಂದ್ಸಲ ಅಂದು ನೋಡು!”

ನೆರೈದಾ ಬಟ್ಟೆ ಗಾಡಿಯನ್ನು ತಳ್ಳಿಕೊಂಡು ಬಂದು ನನ್ನ ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕೂತಳು. ಮೂದಲಿಸಬೇಕು ಅಂತ ಹೇಳಲಿಲ್ಲ ಕಣೋ ಎಂದು ಅತ್ತಳು. ನನಗೂ ಸಿಟ್ಟು ಬಂತು. “ಬಾಯಿಗೊಂದು ಬೀಗ ಹಾಕ್ಕೋ ಅಂತ ಎಷ್ಟ್ಸಲ ಬಡ್ಕೊಂಡೆ!” ಎಂದು ರೇಗಿದೆ. ಮಾರನೆಯ ದಿನ ನೆರೈದಾ ನೂರಾ ಹದಿನಾಲ್ಕಕ್ಕೆ ಚೀಟಿ ಇಡಲಿಲ್ಲ. ಕೇಲಾ ಸ್ಕೂಲಿನಿಂದ ಬಂದವಳೇ ಅವಳನ್ನು ಹುಡುಕಿಕೊಂಡು ಓಡಿ ಬಂದಳು.

“ಮಿಸ್ ನೆರೈದಾ, ಇವತ್ತಿನ ಚೀಟಿ ಎಲ್ಲಿ?”

“ನಿಮ್ಮಮ್ಮಂಗೆ ಇಷ್ಟ ಇಲ್ಲ ಮಗಾ.”

“ನಂಗಿಷ್ಟ. ಎಲ್ಲಾನೂ ಬಿಸ್ಕತ್ ಡಬ್ಬಿಲಿ ಇಟ್ಟಿದೀನಿ.”

ಡಾರ್ಲೀನ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಒಂದು ವಾರದ ಮೇಲೆ ನೆರೈದಾ ತೊಗರಿಕಾಳಿನ ಅನ್ನ ಮಾಡಿ ಒಂದು ಡಬ್ಬಿ ಕೊಟ್ಟಳು. ಡಾರ್ಲೀನ್ ಡಬ್ಬಿ ತೊಳೆದು ವಾಪಸು ಕೊಡುವಾಗ, “ಅವತ್ತು ಏನೋ ತಲೆಕೆಟ್ಟಿತ್ತು, ಬೇಜಾರ್ ಮಾಡ್ಕೋಬೇಡಿ” ಅಂದಳು. ಅಲ್ಲಿಗೆ ಆ ಜಗಳ ಮುಗಿಯಿತು, ಚೀಟಿ ಮತ್ತೆ ಶುರುವಾಯಿತು.

ಆಮೇಲೆ ಬಂದ ಹೊಸ ಮ್ಯಾನೇಜರ್ ಗ್ರಿಸಮ್. ಬಂದ ವಾರವೇ ನಮ್ಮನ್ನೆಲ್ಲ ಲಾಂಡ್ರಿ ಕೋಣೆಯಲ್ಲಿ ಸೇರಿಸಿದ. “ಈ ಮೋಟೆಲಲ್ಲಿ ‘ಮನೆ’ ಅನ್ನೋ ಪದ ಯಾರ ಬಾಯಲ್ಲೂ ಬರಕೂಡ್ದು. ಇಲ್ಲಿರೋರು ಗೆಸ್ಟು. ಗೆಸ್ಟನ್ನ ಇವತ್ತು ಹೋಗು ಅಂದ್ರೆ ಇವತ್ತೇ ಹೋಗ್ಬೇಕು. ಮನೆ ಅಂತಾಯ್ತೋ, ಅವರನ್ನ ಎಬ್ಬಿಸೋಕೆ ಕೋರ್ಟಿಗೆ ಅಲೀಬೇಕಾಗುತ್ತೆ.” ನೆರೈದಾಳತ್ತ ತಿರುಗಿ, “ಆ ಚೀಟಿ ಗೀಟಿ ಇವತ್ತಿಗೇ ಬಂದ್” ಅಂದ. ಅವಳು ತಲೆಯಾಡಿಸಿದಳು. ಚೀಟಿ ನಿಂತಿತೆಂದೇ ನಾನೂ ತಿಳಿದೆ.

ಕ್ರಿಸ್‌ಮಸ್ ಹತ್ತಿರ ಬಂತು. ಒಳಗೆ ಒಂದೂ ರೂಮು ಉಳಿದಿರಲಿಲ್ಲ, ಅಲ್ಲಿ ಸಿಗದವರೆಲ್ಲ ಹೆದ್ದಾರಿಗೆ ನುಗ್ಗಿದರು. ಗ್ರಿಸಮ್‌ಗೆ ನೂರಾ ಹದಿನಾಲ್ಕು ಬೇಕಾಯಿತು. ಖಾಲಿ ಮಾಡಲು ಡಾರ್ಲೀನ್‌ಗೆ ಒಂದೇ ದಿನ ಕೊಟ್ಟ. ಬಾಡಿಗೆ ಬಾಕಿ ಏನೂ ಇರಲಿಲ್ಲ. ಸುತ್ತಲಿನ ಮೋಟೆಲುಗಳೆಲ್ಲ ಭರ್ತಿ. ಅವಳ ಕಾರಿನ ಹಿಂದಿನ ಸೀಟೊಂದೇ ಉಳಿದಿದ್ದ ಜಾಗ. ಅವಳು ಹೋಗುವುದಿಲ್ಲ ಅಂದಳು.

ಮರುದಿನ ಬೆಳಿಗ್ಗೆ ಅವನು ಪೊಲೀಸರನ್ನು ಕರೆಸಿದ. ನನ್ನ ವ್ಯಾನಿನಲ್ಲಿ ಹನ್ನೊಂದು ಜನ ಪಾರ್ಕಿಗೆ ಹೊರಟು ಕೂತಿದ್ದರು. ಪೊಲೀಸ್ ಕಾರು ಅಡ್ಡ ನಿಂತಿದ್ದರಿಂದ ನಾನು ಹೊರಡುವಂತಿರಲಿಲ್ಲ. ಬಂದವಳು ಇನ್ನೂ ಚಿಕ್ಕ ವಯಸ್ಸಿನ ಅಧಿಕಾರಿ, ರಾತ್ರಿಪಾಳಿ ಮುಗಿಸಿದಂತೆ ಕಣ್ಣು ಕೆಂಪಾಗಿತ್ತು.

“ಇವರು ಗೆಸ್ಟು. ಹೋಗಿ ಅಂದ್ರೂ ಹೋಗ್ತಿಲ್ಲ,” ಅಂದ ಗ್ರಿಸಮ್.

“ಹನ್ನೊಂದು ತಿಂಗಳಾಯ್ತು ಮೇಡಂ ನಾವಿಲ್ಲಿ. ಇವಳ ಸ್ಕೂಲ್ ಬಸ್ಸು ಇಲ್ಲಿಗೇ ಬರುತ್ತೆ,” ಅಂದಳು ಡಾರ್ಲೀನ್.

“ಏನಾದ್ರೂ ಕಾಗದ ಇದೆಯಾ?”

ಡಾರ್ಲೀನ್ ಹತ್ತಿರ ಯಾವ ಕಾಗದ ಇರಬೇಕು? ಕೇಲಾ ರೂಮಿಗೆ ಓಡಿ ಬಿಸ್ಕತ್ತಿನ ಡಬ್ಬಿ ತಂದು ಅಧಿಕಾರಿಯ ಕೈಗಿಟ್ಟಳು. ಡಬ್ಬಿಯ ತುಂಬ ಚೀಟಿಗಳು. ಪ್ರತಿಯೊಂದರ ಮೇಲೆ ಮೋಟೆಲಿನ ಹೆಸರು, ವಿಳಾಸ. ಕೆಳಗೆ, ‘ಡಾರ್ಲೀನ್, ಕೇಲಾ, ಇದು ನಿಮ್ಮನೆ.’ ತಾರೀಖು. ಸಹಿ. ಅಧಿಕಾರಿ ಒಂದೊಂದಾಗಿ ತಿರುವಿದಳು. ಮೇಲಿದ್ದ ಚೀಟಿ ಹಿಂದಿನ ದಿನದ್ದು.

“ಯಾರು ಬರೆದಿದ್ದು ಇದನ್ನ?”

ಗ್ರಿಸಮ್ ನಕ್ಕ. “ಅದೊಂದು ತಮಾಷೆ ಮೇಡಂ. ಒಳಗಿನ ಹೋಟೆಲಲ್ಲಿ ಕಲಿತ ಚಟ, ಬಂದೋರಿಗೆಲ್ಲ ಹೀಗೇ ಬರೀತಾಳೆ. ಏನ್ ನೆರೈದಾ, ಹೌದು ತಾನೆ? ಹೇಳು.” ‘ಹೇಳು’ ಅಂದ ರೀತಿಗೇ ಎಲ್ಲ ಅರ್ಥವಾಯಿತು. ಹೌದು ಅಂದರೆ ಕೆಲಸ ಉಳಿಯುತ್ತದೆ, ಆ ಚೀಟಿಗಳೆಲ್ಲ ಕಸವಾಗುತ್ತವೆ.

ಹೌದು ಅಂದುಬಿಡು ಕೊಮಾಯ್ ಎಂದು ನಾನೇ ಮನಸ್ಸಿನಲ್ಲಿ ಬೇಡಿಕೊಂಡೆ. ನಾಚಿಕೆಯಾಗುತ್ತದೆ, ಆದರೆ ಬೇಡಿಕೊಂಡದ್ದು ನಿಜ. ಅವಳಿಗೆ ಐವತ್ತೊಂಬತ್ತು, ಆ ಕಾಲಿಗೆ ಇನ್ನೆಲ್ಲೂ ಕೆಲಸ ಸಿಗದು.

ನೆರೈದಾ ಬಟ್ಟೆ ಗಾಡಿಯನ್ನು ಹಿಡಿದುಕೊಂಡು ನಿಂತಿದ್ದಳು. “ಮೊದಮೊದ್ಲು ಎಲ್ರಿಗೂ ಬರೀತಿದ್ದೆ,” ಅಂದಳು. “ಮ್ಯಾನೇಜರ್ ಬೇಡ ಅಂದ್ಮೇಲೆ ನಿಲ್ಲಿಸ್ದೆ. ಈ ರೂಮೊಂದಕ್ಕೆ ಮಾತ್ರ ನಿಲ್ಲಿಸ್ಲಿಲ್ಲ.”

“ಯಾಕೆ?”

“ಒಳಗೆ ಇಪ್ಪತ್ತೆರಡು ವರ್ಷ ಬರೆದೆನಲ್ಲ ಮೇಡಂ, ಎಲ್ಲಾ ಸುಳ್ಳು. ಇವರು ಇಲ್ಲೇ ಬೇಯಿಸ್ತಾರೆ, ಇಲ್ಲೇ ಓದ್ತಾರೆ, ಜ್ವರ ಬಂದ್ರೆ ಇಲ್ಲೇ ಮಲಗ್ತಾರೆ. ಹಾಸಿಗೆ ಹಾಸೋಳು ನಾನು, ನಂಗೊತ್ತಿಲ್ವಾ? ಇದು ಇವರ ಮನೆ.”

ಅಧಿಕಾರಿ ಚೀಟಿಗಳನ್ನು ಡಬ್ಬಿಗೆ ಹಾಕಿ ಹುಡುಗಿಗೆ ವಾಪಸು ಕೊಟ್ಟಳು. “ಗ್ರಿಸಮ್ ಅವರೇ, ಇದು ಜಡ್ಜ್ ತೀರ್ಮಾನ ಮಾಡ್ಬೇಕಾದ್ದು. ಇವತ್ತು ನಾನಿವರನ್ನ ಹೊರಗೆ ಹಾಕಲ್ಲ,” ಎಂದು ಕಾರು ಹತ್ತಿದಳು. ಡಾರ್ಲೀನ್ ಬಾಗಿಲ ಚೌಕಟ್ಟಿಗೆ ಒರಗಿ ಮುಖ ಮುಚ್ಚಿಕೊಂಡಳು. ಗ್ರಿಸಮ್ ನೆರೈದಾಳ ಮುಂದೆ ಕೈ ಚಾಚಿದ. ಅವಳು ಸೊಂಟದಲ್ಲಿದ್ದ ಕೀಲಿಗೊಂಚಲು ಬಿಚ್ಚಿ ಕೊಟ್ಟಳು. ಬೈಗುಳವಿಲ್ಲ, ಕೂಗಾಟವಿಲ್ಲ. ಇಬ್ಬರಿಗೂ ಗೊತ್ತಿದ್ದ ಸಂಗತಿ.

ಅವಳು ಬಂದು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ಚಪ್ಪಲಿ ಬಿಟ್ಟಳು. ಹಿಂದಿನಿಂದ ಒಬ್ಬ, “ಗೇಟ್ ತೆಗೆದು ಒಂದು ಗಂಟೆ ಆಯ್ತು. ಒಳಗೇ ಇಳ್ಕೊಂಡಿದ್ರೆ ಈ ತಾಪತ್ರಯ ಇರ್ತಿರ್ಲಿಲ್ಲ” ಎಂದು ಗೊಣಗಿದ. ತಿರುಗಿ ಎರಡು ಬಿಡಬೇಕೆನಿಸಿತು. ಬಿಡಲಿಲ್ಲ, ಗಾಡಿ ಓಡಿಸಿದೆ. ಎರಡನೇ ಸಿಗ್ನಲ್ ದಾಟುವ ಮುಂಚೆಯೇ ಅವಳ ತಲೆ ಕಿಟಕಿಗೆ ವಾಲಿತ್ತು. ಅಷ್ಟು ದಣಿದಿದ್ದಳು.

ಪಾರ್ಕಿನ ದಾರಿ ಬಿಟ್ಟು ಅವಳ ಓಣಿಗೆ ತಿರುಗಿಸಿದೆ. ಹನ್ನೊಂದು ಜನರೂ ಹೋ ಎಂದರು. ಅನ್ನಲಿ. ಅವಳ ಬಾಗಿಲ ಮುಂದೆ ನಿಲ್ಲಿಸಿ ಮೆಲ್ಲಗೆ ಭುಜ ಮುಟ್ಟಿದೆ.

“ಕೊಮಾಯ್, ಏಳು. ಮನೆ ಬಂತು.”

ಮನೆ ಎಂದದ್ದು ಕಿವಿಗೆ ಬಿತ್ತೇನೋ, ಬೆಚ್ಚಿ ನೆಟ್ಟಗೆ ಕೂತಳು. ಕಣ್ಣು ಇನ್ನೂ ಮುಚ್ಚಿತ್ತು. ಒಳಗೆ ಕಲಿತ ಆ ನಗು ತಾನಾಗಿ ಮುಖಕ್ಕೆ ಬಂತು. ಗೊಣಗುತ್ತಿದ್ದ ಆ ಹನ್ನೊಂದು ಜನರ ಕಡೆ ತಿರುಗಿ, “ಬನ್ನಿ, ಇದು ನಿಮ್ಮನೆ” ಅಂದಳು.