ಟೀಚರ್ ಕೊಟ್ಟ ಡಬ್ಬಿ

ಮಲೇಷ್ಯಾದ ಪುಚೊಂಗಿನ ನಮ್ಮ ಕಾಂಡೋದಲ್ಲಿ ಎಲ್ಲರೂ ಅವರನ್ನು ಟೀಚರ್ ಎನ್ನುತ್ತಿದ್ದರು. ಉಡುಪಿ ಕಡೆಯವರು, ಒಂಟಿ ಜೀವ, ಸಕ್ಕರೆ ಕಾಯಿಲೆಗೆ ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುವವರು. ಭಾನುವಾರ ನಮ್ಮ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದರು. ಹಸಿದವನಿಗೆ ಕೊಡಲು ಮನೆಯಲ್ಲಿ ಏನೂ ಮಿಕ್ಕಿಲ್ಲದಿದ್ದರೆ ಆದಿ ಕ್ರೈಸ್ತರು ತಾವು ಉಪವಾಸವಿದ್ದು ತಮ್ಮ ಪಾಲನ್ನೇ ಕೊಡುತ್ತಿದ್ದರು ಎಂದು ಒಮ್ಮೆ ಹೇಳಿದಾಗ ನನ್ನ ಮಗಳು, “ಡಿಡ್ ದೇ ಟೆಲ್ ಹಿಮ್, ಟೀಚರ್?” ಎಂದು ಕೇಳಿದಳು.

“ಹೇಳಿದ್ರೆ ತಿನ್ನುವವನಿಗೆ ಗಂಟಲಲ್ಲಿ ಇಳಿತದಾ ಮಗಾ?” ಎಂದರು.

ನಮ್ಮ ಗೇಟಿನ ನೇಪಾಳಿ ಸೆಕ್ಯುರಿಟಿ ದುಡಿದದ್ದನ್ನೆಲ್ಲ ಊರಿಗೆ ಕಳಿಸಿ ಬಿಸ್ಕತ್ತು ತಿಂದು ದಿನ ತಳ್ಳುತ್ತಿದ್ದ. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲ ಬಂತೆಂದರೆ ಟೀಚರ್ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅವನ ಬಳಿಗೆ ಬರುತ್ತಿದ್ದರು. “ಸುದಾ ಮಕಾನ್?” ಎನ್ನುತ್ತಿದ್ದ ಅವನು. ಊಟವಾಯಿತೆ ಎಂದು ಕೇಳುವುದೇ ಇಲ್ಲಿ ನಮಸ್ಕಾರ. ಅವರು ಒಣಗಿದ ಬಾಯನ್ನು ಕರವಸ್ತ್ರದಿಂದ ಒರೆಸಿಕೊಂಡು, “ಸುದಾ, ಸುದಾ,” ಆಯಿತು ಆಯಿತು, ಎನ್ನುತ್ತ ಡಬ್ಬಿ ಕೊಡುತ್ತಿದ್ದರು.

ಈ ಸಲದ ಶುಭ ಶುಕ್ರವಾರ ಅವರು ಇನ್ಸುಲಿನ್ನನ್ನೂ ತಪ್ಪಿಸಲಿಲ್ಲ, ಡಬ್ಬಿಯನ್ನೂ ತಪ್ಪಿಸಲಿಲ್ಲ. ಡಬ್ಬಿ ಕೊಟ್ಟು ಮರಳುವಾಗ ಲಿಫ್ಟಿನಲ್ಲಿ ಬಿದ್ದವರು ಮತ್ತೆ ಏಳಲಿಲ್ಲ. ಸಕ್ಕರೆ ಪೂರ್ತಿ ಇಳಿದುಹೋಗಿತ್ತು, ಹೊಟ್ಟೆಯಲ್ಲಿ ಒಂದು ಅಗುಳೂ ಇರಲಿಲ್ಲ ಎಂದರು ಡಾಕ್ಟರು. ಅವರ ಮೇಲಿನ ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಮಣ್ಣು ಮಾಡಿ ಬಂದ ಸಂಜೆ ಸೆಕ್ಯುರಿಟಿಯವನು ನನ್ನನ್ನು ಗೇಟಿನಲ್ಲಿ ತಡೆದ. ಕೈಯಲ್ಲಿ ತೊಳೆದ ಡಬ್ಬಿ. ಮುಖ ನೋಡದೆ ಕೇಳಿದ:

“ಟೀಚರ್ ಆವತ್ತು... ಸುದಾ ಮಕಾನ್?”

ನಾನು ಡಬ್ಬಿ ಈಸಿಕೊಂಡೆ.

“ಸುದಾ,” ಎಂದೆ.