ತಪ್ಪಾತ್ರಿ ಅಂದವನ ಮ್ಯಾಲ ವರದಿ

ಸೈಕಲ್ಲಿಗೆ ಗಾಡಿ ಬಡದು, ಬಡದಾವ ಇಳದು ಬಂದು ಕೈಮುಗದು "ತಪ್ಪಾತ್ರಿ" ಅಂದ್ರ, ಅವನ ಮ್ಯಾಲ ವರದಿ ಕೊಡಬೇಕೋ ಬಿಡಬೇಕೋ? ಈ ಮಾತು ನಮ್ಮ ಓಣ್ಯಾಗ ಈಗೂ ವರ್ಷಕ್ಕೊಮ್ಮೆರ ಏಳತೈತಿ. ಕಟ್ಟಿ ಮ್ಯಾಲ ಕೂತ ಹಿರ್ಯಾರೆಲ್ಲಾ ಒಂದ ಬಾಯಿಲೆ, "ಪಾಪ, ತಪ್ಪ ಒಪ್ಪಿಕೊಂಡಾನಲ್ಲ, ಬಿಟ್ಟ ಬಿಡ್ರಿ" ಅಂತಾರ. ನನಗ ಸಿಟ್ಟು ನೆತ್ತಿಗೇರತೈತಿ. ಒಪ್ಪಿಕೊಂಡಾನ, ಖರೆ. ಯಾರ ಮುಂದ ಒಪ್ಪಿಕೊಂಡಾನ? ಮೊದಲ ಕಾಗದದ ಮ್ಯಾಲ ಬರಸ್ರಿ, ಆಮ್ಯಾಲ ಬೇಕಂದ್ರ ಮನಿಗೆ ಕರದು ಹೋಳಿಗಿ ಉಣಸ್ರಿ. ಹಿಂಗ ಅಂದ್ರ ನನಗ ಕರುಣಿನ ಇಲ್ಲ ಅಂತಾರ. ಇತ್ತು. ಬೇಕಾದಕ್ಕಿಂತ ಜಾಸ್ತಿನ ಇತ್ತು. ಆ ಕರುಣಿಯಿಂದನ ನನ್ನ ಸೈಕಲ್ ಹೋತು.

ಅರವತ್ತರ ದಶಕದ ಸುರುವಾತಿನ ಮಾತಿದು. ನಾ ಆಗ ಗ್ರಾಮಸೇವಿಕಾ. ಹಳ್ಳಿ ಹೆಣ್ಮಕ್ಕಳಿಗೆ ಹೊಲಿಗಿ, ಕೂಸಿನ ಜ್ವಾಪಾನ, ಹೊಗಿ ಇಲ್ಲದ ಒಲಿ ಕಟ್ಟೋದು, ಹಿಂತಾವೆಲ್ಲಾ ಕಲಿಸೋ ಸರಕಾರಿ ಕೆಲಸ. ಆಫೀಸು ಬಿಜಾಪುರದಾಗ, ಅಂದ್ರ ಈಗಿನ ವಿಜಯಪುರದಾಗ. ನಾನು, ನಮ್ಮವ್ವ ಇಬ್ಬರೂ ಬಬಲೇಶ್ವರದಾಗ ಒಂದು ಖೋಲಿ ಬಾಡಿಗಿ ಹಿಡದು ಇದ್ವಿ. ನನ್ನ ಪಾಲಿಗೆ ಬಂದ ಊರು ಮೂರು, ಅದರಾಗ ನಿಡೋಣಿ ದೊಡ್ಡದು. ಬಸ್ಸು ಬಂದ್ರ ಬಂತು, ಇಲ್ಲಂದ್ರ ಇಲ್ಲ. ನಡಕೋತ ಹೋಗಿ ನಡಕೋತ ಬರೂದರಾಗ ಹೊತ್ತು ಮುಳಗತಿತ್ತು, ಇನ್ನ ಕಲಿಸೋದು ಯಾವಾಗ? ಅರ್ಜಿ ಬರದು ಬರದು ಕೈ ಸೋತ ಮ್ಯಾಲ ಆಫೀಸಿನವರು ನನಗೊಂದು ಹೆಣ್ಮಕ್ಕಳ ಸೈಕಲ್ ಕೊಟ್ಟರು.

ಯಪ್ಪಾ, ಆ ಸೈಕಲ್ ಬಂದ ದಿನ! ಬಬಲೇಶ್ವರದ ಸಂತ್ಯಾಗ ಇದ್ದವರೆಲ್ಲಾ ತಕ್ಕಡಿ ಬಿಟ್ಟು ನನ್ನ ನೋಡಾಕ ನಿಂತರು. "ಸೀರಿ ಉಟ್ಕೊಂಡು ಸೈಕಲ್ ಹೊಡಿತಾಳಂತ, ಕಲಿಗಾಲ ಬಂತು" ಅಂತ ಒಬ್ಬ ಅಂದ. "ಬೀಳತಾಳ ನೋಡ್ರಿ, ಈಗ ಬೀಳತಾಳ" ಅಂತ ಇನ್ನೊಬ್ಬ. ನಾ ಬೀಳಲಿಲ್ಲ. ಎರಡು ವರ್ಷ ಬೀಳಲಿಲ್ಲ. ಸೆರಗು ನಡಕ್ಕ ಸಿಗಿಸಿ ಮುಂಜಾನೆ ಹೊಂಟ್ರ ನಿಡೋಣ್ಯಾಗ ಹೊಲಿಗಿ ಕ್ಲಾಸು ಮುಗಿಸಿ, ಬರೂ ಹಾದ್ಯಾಗ ಇನ್ನೊಂದು ಊರಿನ ಬಾಣಂತೇರನ್ನ ನೋಡಿ, ಹೊತ್ತು ಮುಳಗೂದರಾಗ ಅವ್ವನ ಮುಂದ ಬಂದು ರೊಟ್ಟಿ ಉಣತಿದ್ದೆ. ನಕ್ಕ ಮಂದಿನ ಆಮ್ಯಾಲ "ನಮ್ಮ ಸೈಕಲ್ ಅಕ್ಕಾರು" ಅನ್ನಾಕ ಸುರು ಮಾಡಿದರು.

ನನ್ನ ನೋಡಿ ತಿಕೋಟಾದ ಗ್ರಾಮಸೇವಿಕಾನೂ ಸೈಕಲ್ ಬೇಕಂತ ಅರ್ಜಿ ಹಾಕಿದಳು. ನನಗಿಂತ ನಾಕೈದು ವರ್ಷ ಸಣ್ಣಾಕಿ, ಗಟ್ಟಿ ಹುಡುಗಿ. ತಿಂಗಳ ಮೀಟಿಂಗಿಗೆ ಬಿಜಾಪುರಕ್ಕ ಬಂದಾಗೆಲ್ಲಾ ಯಾರದರ ಸೈಕಲ್ ಇಸಕೊಂಡು ಆಫೀಸಿನ ಹಿಂದಿನ ಬಯಲಾಗ ನಾನ ಆಕಿಗೆ ಕಲಿಸಿದೆ. ಆಕಿ ಅರ್ಜಿ ಮಂಜೂರೂ ಆತು. ಸೈಕಲ್ ಕೈಗೆ ಬರೋದಷ್ಟ ಬಾಕಿ.

ಅಷ್ಟರಾಗ ಆ ದಿನ ಬಂತು. ನಿಡೋಣಿ ರಸ್ತ್ಯಾಗ ಮುಂಜಾನೆ ನನ್ನ ಪಾಡಿಗೆ ನಾ ಎಡಕ್ಕ ಹೊಂಟಿದ್ದೆ. ಹಿಂದಿನಿಂದ ಒಂದು ಜೀಪು ಬಂತು, ಎದುರು ಬಂದ ಎಮ್ಮಿ ತಪ್ಪಿಸಾಕ ಹೋಗಿ ನನ್ನ ಹಿಂದಿನ ಗಾಲಿಗೆ ಬಡೀತು. ನಾ ಹೋಗಿ ಜಾಲಿ ಮುಳ್ಳಿನ ತಗ್ಗಿನ್ಯಾಗ ಬಿದ್ದೆ. ಮಣಕಾಲು ಕಿತ್ತು ರಕ್ತ ಬಂತು, ಮುಳ್ಳು ಎಲ್ಲೆಲ್ಲಿ ನಟ್ಟಿದ್ದುವು ಅಂತ ಹೇಳಾಕ ಬರಾಂಗಿಲ್ಲ. ಎದ್ದು ನೋಡಿದ್ರ, ಅದು ನಮ್ಮ ಆಫೀಸಿನ ಜೀಪ! ನಿಡೋಣ್ಯಾಗಿದ್ದ ಸಾಹೇಬರನ್ನ ಕರಕೊಂಡು ಬರಾಕ ಡ್ರೈವರ್ ಒಬ್ಬನ ಹೊಂಟಿದ್ದ.

ಈ ಡ್ರೈವರಂದು ಒಂದು ಮಾತು ಹೇಳಬೇಕು. ಕೆಟ್ಟ ಮನಷಾ ಅಲ್ಲ, ಅದ ನನ್ನ ಹೊಟ್ಟಿ ಉರಿ. ಕೆಟ್ಟಾವ ಆಗಿದ್ರ ಅಲ್ಲೇ ಚಪ್ಪಲಿ ತಗೀತಿದ್ದೆ. ಈತ ಎಲ್ಲಾದಕ್ಕೂ "ತಪ್ಪಾತ್ರಿ" ಅನ್ನಾವ. ಆಫೀಸಿನ್ಯಾಗ ಕಾರಕೂನ ಮಸಿ ದೌತಿ ಉರುಳಿಸಿದ್ರ ಈತ ಓಡಿ ಬಂದು "ತಪ್ಪಾತ್ರಿ, ನಾನ ಅಲ್ಲಿ ಇಟ್ಟಿದ್ದೆ" ಅಂತಿದ್ದ. ಸಾಹೇಬರ ಚಹಾ ಆರಿದ್ರ ತಪ್ಪಾತ್ರಿ, ಬಿಸಲು ಹೆಚ್ಚಾದ್ರ ತಪ್ಪಾತ್ರಿ. ಸಾಹೇಬರಿಗೆ ಇದು ದೊಡ್ಡ ಗುಣ ಆಗಿ ಕಾಣತಿತ್ತು. "ಮಂದೀದೆಲ್ಲಾ ತನ್ನ ಮ್ಯಾಲ ಹಾಕ್ಕೋತಾನ, ದೇವರಂಥ ಮನಷಾ" ಅಂತ ಮೀಟಿಂಗಿನ್ಯಾಗ ಸೈತ ಹೊಗಳತಿದ್ದರು.

ಅವತ್ತೂ ಜೀಪಿನಿಂದ ಜಿಗದು ಗಲ್ಲಗಲ್ಲ ಬಡಕೊಂಡ. "ತಪ್ಪಾತ್ರಿ ಅಕ್ಕಾರ, ತಪ್ಪಾತು, ನನ್ನ ಕಣ್ಣು ಹೋಗಿದ್ದುವು." ಎತ್ತಿನ ಗಾಡಿ ಹೊಡಕೊಂಡು ಬರಾಕತ್ತಿದ್ದ ಒಬ್ಬ ಮುದುಕ ಇಳದು ಬಂದು ಸೈಕಲ್ ಎತ್ತಿದ. ಗಾಲಿ ಬೆಂಡಾಗಿತ್ತು, ಚೈನು ಜೋತಾಡತಿತ್ತು. ನಾ ಇನ್ನೂ ಬಾಯಿ ತಗದಿಲ್ಲ, ಮುದುಕಾನ ತೀರ್ಪು ಕೊಟ್ಟ: "ಆತು ಬಿಡ ಯವ್ವಾ, ತಪ್ಪಾತು ಅಂದ ಮ್ಯಾಲ ಮುಗೀತು." ಬಿದ್ದಾಕಿ ನಾನು, ಮುಗಸಾವ ಆತ!

ಡ್ರೈವರ್ ನನ್ನನ್ನೂ ಸೈಕಲ್ಲನ್ನೂ ಜೀಪಿನ್ಯಾಗ ಹಾಕ್ಕೊಂಡು ಮನಿಗೆ ತಂದ. ಬಂದಾವ ಸೀದಾ ಅವ್ವನ ಕಾಲಿಗೆ ಬಿದ್ದ. ಕೆಲಸ ಇನ್ನೂ ಖಾಯಂ ಆಗಿಲ್ಲ, ಇದ ತಿಂಗಳು ಆರ್ಡರ್ ಬರೋದೈತಿ, ಜೀಪು ಬಡದದ್ದು ಸಾಹೇಬರಿಗೆ ಗೊತ್ತಾದ್ರ ಮನಿಗೆ ಕಳಸತಾರ, ಮೂರು ಮಕ್ಕಳದಾವ ಅಂತ ಅತ್ತ. ಅವ್ವಗೂ ಕಣ್ಣಾಗ ನೀರು. ನನ್ನ ಮಣಕಾಲಿಗೆ ಅರಿಷಿಣ ಹಚ್ಚೋ ಮೊದಲ ಆತಗ ಚಹಾ ಕಾಸಿದಳು!

"ವರದಿ ಕೊಡಲಿಕ್ಕ ಬೇಕಲ್ಲಪ್ಪ" ಅಂದೆ ನಾನು. "ಸರಕಾರಿ ಸೈಕಲ್ಲು. ಹ್ಯಾಂಗ ಮುರೀತು ಅಂತ ಬರೀಬೇಕು."

"ನೀವ ಬಿದ್ರಿ ಅಂತ ಬರೀರಿ ಅಕ್ಕಾರ. ಬೀಳೂದು ತಪ್ಪಲ್ಲ. ಬಡಿಯೂದು ತಪ್ಪು."

"ಬರದ ಕೊಡ ಬೇ" ಅಂದಳು ಅವ್ವ. "ಒಂದು ಸಾಲು ಬರದ್ರ ನಿನ್ನ ಕೈ ಸವೀತೈತೇನು? ಮೂರು ಕೂಸಿನ ಅನ್ನ ಐತಿ ಅದರಾಗ."

ಬಡಿಸಿಕೊಂಡಾಕಿ ನಾನು, ಆದ್ರ ಮನ್ಯಾಗ ಅಪರಾಧಿ ಹಂಗ ನಾನ ಕೂತಿದ್ದೆ. ಪೆನ್ನು ತಗೊಂಡು ಬರದೆ: ರಸ್ತಾ ಸರಿ ಇಲ್ಲದ್ದರಿಂದ ತೋಲ ತಪ್ಪಿ ನಾನೇ ಬಿದ್ದೆನು, ಯಾರದೂ ತಪ್ಪಿರುವುದಿಲ್ಲ. ಕೆಳಗ ನನ್ನ ಸಹಿ. ಆತ ಆ ಕಾಗದ ಕಣ್ಣಿಗೊತ್ತಿಕೊಂಡು ಒಯ್ದ.

ಮೂರು ವಾರ ಆಗಿರಬೇಕು, ರಿಪೇರಿಗಂತ ಆಫೀಸಿನವರು ಒಯ್ದ ಸೈಕಲ್ ಬರಲಿಲ್ಲ, ಒಂದು ಹುಕುಮು ಬಂತು. ಮಹಿಳಾ ಸಿಬ್ಬಂದಿ ಸೈಕಲ್ಲಿನಿಂದ ಬಿದ್ದು ಗಾಯಗೊಂಡಿರುವುದರಿಂದ, ಅವರ ಕ್ಷೇಮದ ದೃಷ್ಟಿಯಿಂದ, ಇನ್ನು ಮುಂದೆ ಗ್ರಾಮಸೇವಿಕೆಯರಿಗೆ ಸೈಕಲ್ ಕೊಡತಕ್ಕದ್ದಲ್ಲ. ಕೊಟ್ಟದ್ದನ್ನು ಗ್ರಾಮಸೇವಕರಿಗೆ ವರ್ಗ ಮಾಡತಕ್ಕದ್ದು. ಎರಡು ವರ್ಷ ಹೊಡದದ್ದು ಯಾರಿಗೂ ಕಾಣಲಿಲ್ಲ, ಒಂದ ದಿನ ಬಿದ್ದದ್ದು ಎಲ್ಲಾರಿಗೂ ಕಂಡಿತು. ಅದೂ ನಾ ಬೀಳಲಾರದ್ದು! ನಿಡೋಣಿ ಕ್ಲಾಸಿಗೆ ಬರೋ ಇಪ್ಪತ್ತು ಮಂದಿ ಹೆಣ್ಮಕ್ಕಳಿಗೆ ಏನ ಹೇಳಲಿ? ತಿಕೋಟಾದ ಹುಡುಗಿಗೆ ಏನ ಹೇಳಲಿ?

ಮರುದಿನ ಮೊದಲ ಬಸ್ಸಿಗೆ ಬಿಜಾಪುರ ಮುಟ್ಟಿದೆ. ಆಫೀಸಿನ ಬಾಗಲಾಗ ಡ್ರೈವರ್ ಪೇಢೆ ಹಂಚಾಕತ್ತಿದ್ದ. ಖಾಯಂ ಆದ ಆರ್ಡರ್ ಬಂದಿತ್ತು. ನನಗೂ ಒಂದು ಪೇಢೆ ಹಿಡದ. ನಾ ಹುಕುಮು ತೋರಿಸಿದೆ. ಆತನ ಮುಖ ಬಿಳಿಚಿತು.

"ಇನ್ನರ ಖರೇ ಹೇಳತೀ ಏನಪ್ಪ? ಈಗ ನಿನ್ನ ಕೆಲಸ ಯಾರೂ ಕಸಗೊಳ್ಳಾಂಗಿಲ್ಲ."

"ಹೇಳತೀನ್ರಿ ಅಕ್ಕಾರ. ನಡೀರಿ, ಈಗ ಹೇಳತೀನಿ" ಅಂದ. ಪೇಢೆ ಡಬ್ಬಿ ಜವಾನನ ಕೈಯಾಗ ಕೊಟ್ಟು ನನಗಿಂತ ಮುಂದ ಒಳಗ ಹೋದ. ಅದನ್ನ ನಾ ಇಲ್ಲ ಅನ್ನಾಂಗಿಲ್ಲ, ಹೋದ.

"ಸಾಹೇಬರ, ತಪ್ಪಾತ್ರಿ" ಅಂತನ ಸುರು ಮಾಡಿದ. "ಅಕ್ಕಾರು ಬಿದ್ದಿಲ್ರಿ. ಜೀಪ್ ಬಡದದ್ದು ನಾನ್ರಿ. ಹಿಂದಿನಿಂದ ಬಡದೆ. ಎಲ್ಲಾ ತಪ್ಪು ನಂದ್ರಿ."

ಸಾಹೇಬರು ಆತನ್ನ ನೋಡಿದರು, ನನ್ನ ನೋಡಿದರು, ಆಮ್ಯಾಲ ಕುರ್ಚಿಗೆ ಒರಗಿ ನಕ್ಕರು. ಪ್ರೀತೀಲೆ ನಕ್ಕರು. "ನೋಡ್ರಿ ಬಾಯಾರ, ಹಿಂಥಾ ಮನಷಾ ನಮ್ಮ ಆಫೀಸಿನ್ಯಾಗ ಇರೋದು ನಮ್ಮ ಪುಣ್ಯ. ನಿಮ್ಮ ಮಾನ ಉಳಸಾಕ ಇದನ್ನೂ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾನ."

"ಇಲ್ರಿ ಸಾಹೇಬರ, ಖರೇನ ಆತ ಬಡದಾನ್ರಿ!"

"ಹೌದ್ರಿ ಸಾಹೇಬರ, ಖರೇನ್ರಿ!" ಅಂತ ಡ್ರೈವರ್ ಗಲ್ಲ ಬಡಕೊಂಡ. ಆತ ಎಷ್ಟು ಬಡಕೊಂಡನೋ ಸಾಹೇಬರ ನಗಿ ಅಷ್ಟು ಹೆಚ್ಚಾತು.

ಸಾಹೇಬರು ಫೈಲು ತರಿಸಿ ನನ್ನ ಕಾಗದ ಮುಂದ ಇಟ್ಟರು. "ಇದು ನಿಮ್ಮ ಅಕ್ಷರ ಹೌದಲ್ಲೋ?"

"ಹೌದ್ರಿ. ಅವತ್ತು ಆತನ ಕೆಲಸ ಉಳೀಲಿ ಅಂತ ಸುಳ್ಳು ಬರದೇನ್ರಿ."

"ಅವತ್ತು ಸುಳ್ಳು, ಇವತ್ತು ಖರೆ. ಸೈಕಲ್ ಹೋಗತೈತಿ ಅಂದ ಕೂಡಲೆ ಖರೆ ನೆನಪಾತೇನ್ರಿ?" ಇನ್ನೂ ನಕ್ಕೋತನ ಅಂದರು. "ಬಿದ್ದದ್ದರಾಗ ನಾಚಿಕಿ ಏನ್ರಿ ಬಾಯಾರ? ನನ್ನ ಮಗಳೂ ಬೀಳತಾಳ. ನಿಮ್ಮ ಕಾಳಜಿಗೆ ಹುಕುಮು ಮಾಡೇವಿ. ಹೋಗ್ರಿ, ಚಹಾ ಕುಡೀರಿ."

ಬೈದಿದ್ರ ನಾನೂ ಬೈತಿದ್ದೆ. ಪ್ರೀತಿ ಮಾಡೋವರ ಸಂಗಾಟ ಹ್ಯಾಂಗ ಜಗಳಾಡೋದು? ಎದ್ದು ಹೊರಗ ಬಂದೆ. ಡ್ರೈವರ್ ಹಿಂದ ಹಿಂದ ಬಂದ. "ತಪ್ಪಾತ್ರಿ ಅಕ್ಕಾರ" ಅಂದ. "ಬಾಯಿ ಮುಚ್ಚಲೇ!" ಅಂತ ಇಡೀ ಆಫೀಸಿಗೆ ಕೇಳಿಸೋ ಹಂಗ ಒದರಿದೆ. ಹತ್ತು ಮುಖ ಕಿಡಕ್ಯಾಗ ಹಣಿಕಿದುವು. ಎಲ್ಲಾ ಮುಖದಾಗೂ ಆ ದೇವರಂಥ ಮನಷಾನ ಮ್ಯಾಲಿನ ಮರುಕ. ಬೈದ ನಾನು ರಾಕ್ಷಸಿ ಆದೆ.

ತಿಕೋಟಾದ ಹುಡುಗಿ ಅವತ್ತ ಬಸ್ ಸ್ಟ್ಯಾಂಡಿನ್ಯಾಗ ಸಿಕ್ಕಳು. ಆಕಿಗೂ ಅದ ಹುಕುಮು ಮುಟ್ಟಿತ್ತು. ಸಾಹೇಬರನ್ನ ಕೇಳಬೇಕಂತ ಬಂದಾಕಿ, ಆಫೀಸಿಗೆ ಹೋಗಿ ಒಳಗ ನಡದ ಸುದ್ದಿ ಕೇಳಿ ತಿರಗಿ ಬಂದಿದ್ದಳು. ಕಣ್ಣು ಕೆಂಪಾಗಿದ್ದುವು. ನನ್ನ ಪಕ್ಕದಾಗ ಬೆಂಚಿನ ಮ್ಯಾಲ ಕೂತಳು. ಸಣ್ಣ ದನೀಲೆ ಕೇಳಿದಳು, "ಅಕ್ಕಾ, ನನ್ನ ಮುಂದರ ಖರೇ ಹೇಳ್ರಿ. ನೀವ ಬಿದ್ದಿದ್ರೇನು?"

"ಇಲ್ಲವಾ. ಜೀಪ್ ಬಡೀತು. ಹಿಂದಿನಿಂದ ಬಂದು ಬಡೀತು."

ಆಕಿ ನನ್ನ ಮುಖಾನ ನೋಡಿದಳು. ಆಮ್ಯಾಲ ನನ್ನ ಕೈ ಹಿಡಕೊಂಡು, ಕೂಸಿಗೆ ಸಮಾಧಾನ ಮಾಡಿದಂಗ, "ಆತು ಬಿಡ್ರಿ ಅಕ್ಕಾ," ಅಂದಳು. "ಬೀಳದವರು ಯಾರದಾರ?"