ಎಚ್ಚರಿಸಿ ಮುರಿಯುವ ತೊಲೆ

ಸಿಯಾಟಲ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದವರಿಗೆ ಕಾಂಕ್ರೀಟ್ ಪಾಠ ಹೇಳುವ ಸತ್ಯಭಾಮಾ ಮೇಡಂ, ಪಕ್ಕದ ಊರಾದ ಲಿನ್‌ವುಡ್‌ನಿಂದ ರೈಲಿನಲ್ಲಿ ಬರುವಾಗ ಸ್ಟೇಷನ್ನಿನ ಕಂಬಗಳನ್ನು ಹೆಣ್ಣು ನೋಡಲು ಬಂದವರಂತೆ ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಯಾರು ಊಟಕ್ಕೆ ಕರೆದರೂ ಅವರ ಕಣ್ಣು ಮೊದಲು ಚಾವಣಿಗೆ ಹೋಗುತ್ತದೆ, ಆಮೇಲೆ ತಟ್ಟೆಗೆ. ಯಾವ ವಿದ್ಯಾರ್ಥಿ ಉತ್ತರ ತೋರಿಸಿದರೂ, “ಲೆಕ್ಕ ಸರಿ, ಈ ತೊಲೆ ಕೆಳಗೆ ಯಾರಿದಾರೆ?” ಎನ್ನುತ್ತಾರೆ. ವಿದ್ಯಾರ್ಥಿಗಳು ವಾರಗಟ್ಟಲೆ ಕಷ್ಟಪಟ್ಟು ಎರಕ ಹೊಯ್ದ ತೊಲೆಗಳನ್ನು ಲ್ಯಾಬಿನ ಯಂತ್ರದಡಿ ಇಟ್ಟು ಮುರಿಸುವುದು ಅವರ ಪದ್ಧತಿ. ಹೆಚ್ಚು ಭಾರ ಹೊತ್ತ ತೊಲೆಗೆ ಹೆಚ್ಚು ಅಂಕ ಸಿಗುವುದಿಲ್ಲ. ಮೊದಲು ಬಾಗಿ, ಬಿರುಕು ತೋರಿಸಿ, ನಿಧಾನವಾಗಿ ಸೋತ ತೊಲೆಗೆ ಸಿಗುತ್ತದೆ. ಈ ಸಲ ಬೆಂಗಳೂರಿನಿಂದ ಬಂದ ವಿಶ್ವಾಸ್ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಕಬ್ಬಿಣದ ಕಂಬಿ ತುಂಬಿದ್ದ. ಅವನ ತೊಲೆ ಎಲ್ಲರದಕ್ಕಿಂತ ಹೆಚ್ಚು ಭಾರ ಹೊತ್ತು, ಬಾಗದೆ, ಬಿರುಕೂ ತೋರಿಸದೆ ಒಮ್ಮೆಲೇ ಸಿಡಿದು ಬಿತ್ತು. ಮೇಡಂ ಸೊನ್ನೆ ಕೊಟ್ಟರು. “ಎಲ್ಲಕ್ಕಿಂತ ಸ್ಟ್ರಾಂಗ್ ನಂದೇ ಅಲ್ವಾ ಮೇಡಂ?” ಎಂದು ಅವನು ವಾದಕ್ಕೆ ನಿಂತ. ಸದಾ ಗದರುವ ಮೇಡಂ ಅಂದು ಗದರಲಿಲ್ಲ. “ನಮ್ಮಕ್ಕ ಟೀಚರ್ ಆಗಿದ್ಲು ಕಣೋ. ಅವಳ ಸ್ಕೂಲಿನ ತೊಲೆ ಹೀಗೇ ಒಂದೇ ಸಲಕ್ಕೆ ಬಿತ್ತು. ಒಂದು ಬಿರುಕು ಕಂಡಿದ್ರೂ ಸಾಕಿತ್ತು, ಮಕ್ಕಳನ್ನ ಕರ್ಕೊಂಡು ಆಚೆ ಓಡಿರ್ತಿದ್ಲು” ಎಂದರು. ವಿಶ್ವಾಸ್ ಪೊರಕೆ ತಂದು ಕಾಂಕ್ರೀಟಿನ ಚೂರುಗಳನ್ನು ಗುಡಿಸತೊಡಗಿದ; ಮೇಡಂ ಕಸದ ಮೊರ ಹಿಡಿದು ಅವನೆದುರು ಕುಕ್ಕರಗಾಲಲ್ಲಿ ಕೂತರು.